ಲಾಲಪ್ಪ ತಂದ ಸಸ್ತಾ ಗೀಸರ್

ಶಹಾಬಾದಿನ ನೀರು ಬಳಸಿದವರಿಗೆ ಗೊತ್ತು. ಬಕೆಟ್ಟಿನ ಅಂಚಿಗೆ, ನಲ್ಲಿಯ ಬಾಯಿಗೆ, ಚರಿಗೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೂ ನಾಲ್ಕು ದಿನಕ್ಕೆ ಮತ್ತೆ ಹಾಜರು. ನೆಲದಡಿ ಎಲ್ಲ ಸುಣ್ಣದ ಕಲ್ಲು, ನೀರು ಅದರ ಸಂದಿಯಿಂದಲೇ ಬರಬೇಕು. ಕಣ್ಣಿಗೆ ಕಾಣುವ ಬಕೆಟ್ಟನ್ನು ನಾವು ತಿಕ್ಕುತ್ತೇವೆ. ಗೋಡೆಯ ಮೇಲಿನ ಗೀಸರಿನ ಹೊಟ್ಟೆಯಲ್ಲಿ ಏನಾಗುತ್ತಿದೆ ಎಂದು ಯಾರು ನೋಡುತ್ತಾರೆ?

ಮಾಣಿಕಮ್ಮನ ಮನೆಯಲ್ಲೂ ಯಾರೂ ನೋಡಿರಲಿಲ್ಲ. ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಸೊಸೆ ಪೂನಮ್ ಬಚ್ಚಲಿನಿಂದಲೇ ಕೂಗಿದಳು.

"ಅತ್ತೀ, ಗೀಸರ್ ಸೋರ್ಲಿಕತ್ತದ ನೋಡ್ರಿ!"

ಮಾಣಿಕಮ್ಮ ಬಂದು ನೋಡಿದಳು. ಗೀಸರಿನ ತಳದಿಂದ ತುಕ್ಕು ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು. ಗಂಡ ಲಾಲಪ್ಪ ಎದ್ದು ಬಂದು ಅದರಡಿ ಒಂದು ಬಕೆಟ್ ಇಟ್ಟ. ಆಮೇಲೆ ತೂತು ಮುಚ್ಚುವ ಮೇಣ ತಂದು ಮೆತ್ತಿದ. ಸಂಜೆಗೆ ಮೇಣ ಕಿತ್ತು ಬಕೆಟ್ಟಿಗೇ ಬಿತ್ತು.

ಲಾಲಪ್ಪ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ದುಡಿದವನು. ಈಗ ಮೊಣಕಾಲು ನೋವು, ಮನೆಯಲ್ಲೇ ಇರುತ್ತಾನೆ. ಮಗ ಸಂಘಪಾಲನಿಗೆ ವಾಡಿಯ ಕಡೆ ಕೆಲಸ, ಪಾಳಿಯ ಮೇಲೆ ಹೋಗಿ ಬರುತ್ತಾನೆ. ಸೊಸೆ ಪೂನಮ್ ಚಿತ್ತಾಪುರದ ಕೋರ್ಟಿನಲ್ಲಿ ಟೈಪಿಸ್ಟ್. ನಸುಕಿನಲ್ಲಿ ಎದ್ದು, ಸ್ನಾನ ಮುಗಿಸಿ, ವಾಡಿಯಲ್ಲಿ ಗಾಡಿ ಬದಲಿಸಿ ಹೋಗಬೇಕು. ಮನೆಯಲ್ಲಿ ಬಿಸಿನೀರು ನಿಜವಾಗಿ ಬೇಕಾಗಿದ್ದು ಅವಳಿಗೇ. ಲಾಲಪ್ಪನಿಗೆ ಅಂಗಳದಲ್ಲಿ ತಣ್ಣೀರು ಸುರಿದುಕೊಳ್ಳುವ ರೂಢಿ. ಮಾಣಿಕಮ್ಮನದು ನಾಲ್ಕು ಚರಿಗೆಯ ಸ್ನಾನ.

ಮಾರನೆಯ ದಿನ ಎಲೆಕ್ಟ್ರಿಷಿಯನ್ ಅಜಯಕುಮಾರ ಬಂದು ಗೀಸರ್ ಬಿಚ್ಚಿದ. ಒಳಗಿಂದ ಬೊಗಸೆಗಟ್ಟಲೆ ಬಿಳಿ ಸುಣ್ಣದ ಹಳಕು ಉದುರಿತು.

"ಕಾಕಾ, ಕಾಯಿಲ್ ಸುಟ್ಟಿದ್ರ ಹೊಸಾ ಕಾಯಿಲ್ ಹಾಕ್ತಿದ್ದೆ. ಥರ್ಮೋಸ್ಟಾಟ್ ಹೋಗಿದ್ರೂ ಹಾಕ್ತಿದ್ದೆ. ಅವಕ್ಕೆಲ್ಲ ಭಾಳ ಖರ್ಚಿಲ್ಲ. ಆದ್ರ ಇದರ ನೀರಿನ ಟಾಕೀನೇ ತೂತು ಬಿದ್ದದ. ಇನ್ನ ಇದು ರಿಪೇರಿ ಆಗಲ್ಲ."

"ಹೊಸಾದಕ್ಕ ಎಷ್ಟಾತದ?"

"ಗೀಸರ್ ಒಂದೇ ಆದ್ರ ಏಳು ಸಾವಿರದ ಆಸುಪಾಸು. ಆದ್ರ ಅದೊಂದೇ ತಂದ್ರ ಆಗಲ್ಲ ಕಾಕಾ. ಪೈಪ್ ಬದ್ಲಿ ಮಾಡಬೇಕು, ವಾಲ್ವ್ ಹಾಕಬೇಕು. ಈ ವೈರ್ ಸಣ್ಣದದ, ಬಿಸಿ ಆಗಿ ಕರಗ್ಯದ ನೋಡ್ರಿ. ದಪ್ಪ ವೈರ್ ಎಳೀಬೇಕು. ಎಲ್ಲಕ್ಕಿಂತ ದೊಡ್ಡ ಮಾತಂದ್ರ, ನಿಮ್ಮ ಮನ್ಯಾಗ ಅರ್ಥಿಂಗೇ ಇಲ್ಲ."

"ಇಷ್ಟು ವರ್ಷ ಇಲ್ಲದೇ ನಡೀತಲ್ಲೋ?"

"ನಡೀತು. ಯಾರಿಗೂ ಶಾಕ್ ಹೊಡೀಲಿಲ್ಲ, ನಿಮ್ಮ ನಸೀಬ ಚಲೋ ಇತ್ತು. ಎಲ್ಲಾ ಕೂಡಿ ಹನ್ನೆರಡು, ಹದಿಮೂರು ಹಿಡಕೊಳ್ರಿ."

"ಏಳು ಅಂದವ ಒಂದು ಉಸುರಿಗಿ ಹದಿಮೂರಕ್ಕ ಹೋದಿ! ಮುಂಜಾನಿಗಿ ಇಪ್ಪತ್ತು ಅಂತಿ," ಎಂದು ಲಾಲಪ್ಪ ನಕ್ಕ. ಅಜಯಕುಮಾರನಿಗೆ ಚಹಾ ಕುಡಿಸಿ ಕಳಿಸಿದ. ಮನಸ್ಸಿನಲ್ಲಿ ಮಾತ್ರ ಆ ಖರ್ಚು ಇಳಿಯಲಿಲ್ಲ.

ಮರುದಿನ ನಸುಕಿನಲ್ಲಿ ಪೂನಮ್ ತಣ್ಣೀರಲ್ಲೇ ಸ್ನಾನ ಮಾಡಿ ಬಂದು ತಲೆ ಬಾಚಿಕೊಳ್ಳುತ್ತಿದ್ದಳು. ತುಟಿ ನೀಲಿಯಾಗಿತ್ತು. ಲಾಲಪ್ಪನಿಂದ ನೋಡಲಾಗಲಿಲ್ಲ. ಅಂದೇ ಬಸ್ ಹತ್ತಿ ಕಲಬುರಗಿಗೆ ಹೋದ. ಸಂಜೆ ಬಗಲಲ್ಲಿ ಒಂದು ಡಬ್ಬಿ ಹಿಡಿದುಕೊಂಡು ಬಂದವನು ಅಂಗಳದಿಂದಲೇ ಕೂಗಿದ.

"ಮಾಣಿಕೀ, ಬಾ ಇಲ್ಲಿ! ಗ್ಯಾಸಿಂದು ಅದ ಇದು. ವೈರ್ ಬ್ಯಾಡ, ಅರ್ಥಿಂಗ್ ಬ್ಯಾಡ. ನಲ್ಲಿ ತಿರುವಿದ್ರ ಸುಡು ಸುಡು ನೀರು. ಎಲೆಕ್ಟ್ರಿಕ್ ಗೀಸರಿನ ಅರ್ಧಕ್ಕ ಸಿಕ್ಕದ!"

"ಭೇಷ್ ಇರ್ತದೇನ್ರಿ?"

"ಎಲ್ಲಾರ ಮನ್ಯಾಗ ಅದ. ಚೌಕಾಶಿ ಮಾಡಿ ಮಾಡಿ ಅಂಗಡಿಯವನಿಗಿ ಬೆವರು ಇಳಿಸೀನಿ."

ಆ ವಾರವೇ ಒಬ್ಬನನ್ನು ಕರೆದು ಹಳೆಯ ಗೀಸರ್ ಇದ್ದ ಜಾಗದಲ್ಲೇ, ಬಚ್ಚಲಿನ ಒಳಗೇ, ಅದನ್ನು ಹಾಕಿಸಿದ. ಸಿಲಿಂಡರ್ ಹೊರಗೆ, ಉರಿ ಒಳಗೆ. ಬಚ್ಚಲೋ ಇಬ್ಬರು ನಿಲ್ಲುವಷ್ಟೇ ಜಾಗ. ಗೋಡೆಯ ತುದಿಯಲ್ಲಿ ಅಂಗೈ ಅಗಲದ ಬೆಳಕಿಂಡಿ, ಅದೂ ಚಳಿಗಾಳಿಗೆಂದು ರಟ್ಟು ತುರುಕಿ ಮುಚ್ಚಿದ್ದು.

ಪಕ್ಕದ ಮನೆಯ ರಹೀಮಾ ಸಕ್ಕರೆ ಕೇಳಲು ಬಂದವಳು ಹೊಸ ಗೀಸರ್ ನೋಡಿದಳು. ಅವಳು ಚಿತ್ತಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಚಿಕ್ಕಂದಿನಿಂದ ಈ ಮನೆಯ ಅಂಗಳದಲ್ಲೇ ಆಡಿ ಬೆಳೆದವಳು.

"ಕಾಕಾ, ಇದು ಒಳಗ ಯಾಕ ಹಾಕ್ಸೀರಿ? ಉರಿ ಹತ್ತಿದ ಮ್ಯಾಲ ಅದರ ಹೊಗೀ ಎಲ್ಲಿ ಹೋಗಬೇಕು?"

"ಹೊಗೀ ಎಲ್ಲದ ಬೇಟಾ? ನೀನೇ ನೋಡು. ಗ್ವಾಡಿ ಸೈತ ಕಪ್ಪಾಗಿಲ್ಲ."

"ಕಾಣೋ ಹೊಗೀದು ಅಂಜಿಕಿ ಇಲ್ರಿ. ಕಂಡ್ರ ಮನುಷ್ಯಾ ಹೊರಗ ಓಡಿ ಬರ್ತಾನ. ಇದು ಕಾಣಲ್ಲ, ವಾಸ್ನಿನೂ ಬರಲ್ಲ. ಕಾರ್ಬನ್ ಮೊನಾಕ್ಸೈಡ್ ಅಂತಾರ. ಸಣ್ಣ ಬಚ್ಚಲದಾಗ ಬಾಗಲಾ, ಕಿಂಡಿ ಬಂದ್ ಮಾಡ್ಕೊಂಡು ಗ್ಯಾಸ್ ಉರಸಿದ್ರ ಅದು ತುಂಬ್ಕೋತದ. ಉಸುರಿನಾಗ ಹೋಯ್ತಂದ್ರ ತಲಿ ನೋಯ್ತದ, ತಿರುಗ್ತದ, ವಾಂತಿ ಬಂದಂಗ ಆತದ. ಮುಂದ ಎಚ್ಚರಾನೇ ತಪ್ತದ."

"ಗ್ಯಾಸ್ ಸೋರಿದ್ರ ವಾಸ್ನಿ ಬಡೀತದಲ್ಲ?" ಎಂದಳು ಮಾಣಿಕಮ್ಮ.

"ಅದು ಸಿಲಿಂಡರ್ ಗ್ಯಾಸ್ ಕಾಕೀ. ನಾ ಹೇಳೋದು ಗ್ಯಾಸ್ ಉರಿದ ಮ್ಯಾಲ ಹುಟ್ಟೋದು. ಅದೇ ಬ್ಯಾರೆ. ಕಾಕಾ, ಇದನ್ನ ಹೊರಗಿನ ಗ್ವಾಡಿಗಿ ತಗೀರಿ, ಪೈಪಿನಾಗ ನೀರಷ್ಟೇ ಒಳಗ ಬರ್ಲಿ. ಅಲ್ಲಿತನಕ ಆ ಕಿಂಡಿ ತಗದಿಡ್ರಿ. ಬಕೆಟ್ ತುಂಬಿಸ್ಕೊಂಡು, ಗೀಸರ್ ಬಂದ್ ಮಾಡಿ, ಆಮ್ಯಾಲ ಸ್ನಾನಕ್ಕ ಹೋಗ್ರಿ."

"ಆತು ಬೇಟಾ, ಮುಂದಿನ ವಾರ ತಗಸ್ತೀನಿ," ಎಂದ ಲಾಲಪ್ಪ. ರಹೀಮಾಳ ಮೇಲೆ ಅವನಿಗೆ ಬಲು ಪ್ರೀತಿ. ಅವಳ ಕಣ್ಣೆದುರೇ ಬೆಳಕಿಂಡಿಯ ರಟ್ಟು ಕಿತ್ತು ಎಸೆದ. ಅವಳು ಹೋದ ಮೇಲೆ ಹೆಂಡತಿಗೆ ಹೇಳಿದ: "ದವಾಖಾನಿ ಮಂದಿಗಿ ಎಲ್ಲಾದ್ರಾಗೂ ಬ್ಯಾನಿನೇ ಕಾಣ್ತದ."

ಮುಂದಿನ ವಾರ ಬಂತು, ಹೋಯಿತು. ಗೀಸರ್ ಇದ್ದಲ್ಲೇ ಇತ್ತು. ಉರಿ ಆರಿಸಿ ಸ್ನಾನಕ್ಕೆ ಹೋಗಬೇಕೆಂದು ಪೂನಮ್‌ಗೆ ಯಾರೂ ಹೇಳಲಿಲ್ಲ. ಪೂನಮ್ ಸ್ನಾನ ಮುಗಿಸಿ ಬಂದಾಗಲೆಲ್ಲ ಲಾಲಪ್ಪ ಕೇಳುತ್ತಿದ್ದ:

"ನೀರು ಕಾದಿತ್ತೇನವ್ವಾ?"

"ಭಾಳ ಚಲೋ ಕಾದಿತ್ರಿ ಮಾವಾ."

ಅಷ್ಟು ಕೇಳಿದರೆ ಅವನ ಇಡೀ ದಿನ ಹಬ್ಬ.

ಪೂನಮ್‌ಗೆ ಬೆಳಿಗ್ಗೆ ತಲೆನೋವು ಶುರುವಾದದ್ದು ಆ ದಿನಗಳಲ್ಲೇ. ಸ್ನಾನ ಮುಗಿಸಿ ಹೊರಬಂದರೆ ಹಣೆಯ ಎರಡೂ ಕಡೆ ಬಡಿದಂತಾಗುತ್ತಿತ್ತು. ಒಂದು ದಿನ ಗೋಡೆ ಹಿಡಿದು ನಿಂತಳು. ಇನ್ನೊಂದು ದಿನ ರೊಟ್ಟಿ ಮುರಿದು ಬಾಯಿಗಿಡುವಷ್ಟರಲ್ಲಿ ಓಕರಿಕೆ ಬಂದು ಹಿತ್ತಲಿಗೆ ಓಡಿದಳು.

ಮಾಣಿಕಮ್ಮ ಇದನ್ನೆಲ್ಲ ಒಲೆಯ ಮುಂದೆ ಕುಳಿತೇ ನೋಡಿದಳು. ಅವಳ ಮುಖ ಅರಳಿತು.

ಮಗನ ಮದುವೆಯಾಗಿ ಮೂರು ವರ್ಷ. ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಕೇಳಿರಲಿಲ್ಲ. ನೆಂಟರು ಕೇಳಿದರೆ ಮಾಣಿಕಮ್ಮನೇ ಮಾತು ತೇಲಿಸಿಬಿಡುತ್ತಿದ್ದಳು. ಆದರೆ ಒಳಗೊಳಗೆ ಎಲ್ಲರಿಗೂ ಆಸೆ ಇತ್ತು. ಪೂನಮ್‌ಗೂ ಇತ್ತು. ಆ ತಿಂಗಳ ಮುಟ್ಟು ಕೆಲವು ದಿನ ಮುಂದೆ ಹೋಗಿದ್ದು ಅವಳಿಗೆ ಗೊತ್ತು. ಪರೀಕ್ಷೆ ಮಾಡಿಸಲು ಧೈರ್ಯ ಸಾಲದೆ, ಇನ್ನೂ ಸ್ವಲ್ಪ ದಿನ ನೋಡೋಣ ಎಂದು ಕಾದಿದ್ದಳು.

ಆ ರಾತ್ರಿ ಊಟಕ್ಕೆ ಕುಳಿತಾಗ ಮಾಣಿಕಮ್ಮ ಸೊಸೆಯ ತಟ್ಟೆಗೆ ಇನ್ನೊಂದು ಸವುಟು ತುಪ್ಪ ಹಾಕಿದಳು.

"ಅತ್ತೀ, ಸಾಕ್ರಿ."

"ಸುಮ್ನ ತಿನ್ನು. ನನಗೆಲ್ಲಾ ಗೊತ್ತಾಗ್ಯದ."

ಪೂನಮ್ ತಲೆ ತಗ್ಗಿಸಿದಳು. "ಇನ್ನಾ ಪಕ್ಕಾ ಇಲ್ರಿ ಅತ್ತೀ."

"ಪಕ್ಕಾ ಆದ ಮ್ಯಾಲ ಹೇಳೋಣಂತ. ಅಲ್ಲಿತನಕ ಯಾರ ಮುಂದೂ ಬ್ಯಾಡ. ರಹೀಮಾಗೂ ಬ್ಯಾಡ, ಕೆಟ್ಟ ನಜರ್ ಬೀಳ್ತದ."

ಹೀಗೆ, ಕೇಳಿದ್ದರೆ ನಿಜ ಹೇಳಬಲ್ಲವಳು ಯಾರೋ ಅವಳಿಗೇ ಈ ಮಾತು ತಿಳಿಯದೆ ಹೋಯಿತು.

ಮನೆಯ ಕಳೆಯೇ ಬದಲಾಯಿತು. ಲಾಲಪ್ಪ ದಿನವೂ ಸಂಜೆ ಪೇರಲ ಹಣ್ಣು ತರತೊಡಗಿದ. ಸಂಘಪಾಲ ಹೆಂಡತಿಯ ಚೀಲ ಹೊತ್ತು ಸ್ಟೇಷನ್ನಿಗೆ ಬಿಟ್ಟು ಬರತೊಡಗಿದ. ಮಾಣಿಕಮ್ಮ ರಹೀಮಾಳ ಮಾತು ಮರೆತು ಒಂದು ಗೋಣಿಚೀಲ ಮಡಚಿ ಬಚ್ಚಲಿನ ಬೆಳಕಿಂಡಿಗೆ ಬಿಗಿಯಾಗಿ ತುರುಕಿದಳು. ಬಾಗಿಲಿನ ಅಡಿಯ ಸಂದಿಗೂ ಬಟ್ಟೆ ಇಟ್ಟಳು.

"ಈಗ ಥಂಡಿ ಹತ್ತಬಾರ್ದವ್ವಾ. ಬಿಸಿನೀರು ನಿಧಾನಕ್ಕ ಹಾಕ್ಕೋ. ಗಡಿಬಿಡಿ ಮಾಡಬ್ಯಾಡ."

ಪೂನಮ್ ನಿಧಾನವಾಗಿಯೇ ಸ್ನಾನ ಮಾಡಿದಳು. ತಲೆನೋವು ಹೆಚ್ಚಾಯಿತು. ಹೆಚ್ಚಾದಷ್ಟೂ ಮನೆಯವರ ನಂಬಿಕೆ ಗಟ್ಟಿಯಾಯಿತು.

ನಡುವೆ ಎರಡು ದಿನ ರಜೆ ಬಂತೆಂದು ಅವಳು ಕಾಳಗಿಯ ತವರಿಗೆ ಹೋಗಿ ಬಂದಳು. ಅಲ್ಲಿ ತಲೆನೋವೂ ಇಲ್ಲ, ಓಕರಿಕೆಯೂ ಇಲ್ಲ. "ತವರಿಗಿ ಹೋದ್ರ ಯಾರಿಗಾದ್ರೂ ಆರಾಮ ಅನ್ನಸ್ತದ," ಎಂದು ಮಾಣಿಕಮ್ಮ ನಕ್ಕಳು. ಆ ನಗೆಯಲ್ಲಿ ಸುಳಿವು ಕೈತಪ್ಪಿತು.

ಹುಣ್ಣಿಮೆಯ ದಿನ ಬುದ್ಧ ವಿಹಾರದಲ್ಲಿ ವಂದನೆ ಇತ್ತು. ಎಲ್ಲರೂ ಹೋಗುವುದೆಂದಾಗಿತ್ತು. ಪೂನಮ್ ಉದ್ದ ಕೂದಲಿಗೆ ಸೀಗೆಕಾಯಿ ಹಚ್ಚಿಕೊಂಡು ತಲೆಸ್ನಾನಕ್ಕೆ ಹೋದಳು. ಮಾಣಿಕಮ್ಮ ಬಿಳಿ ಸೀರೆ ಉಟ್ಟು ತಯಾರಾಗಿ ಪಡಸಾಲೆಯಲ್ಲಿ ಕುಳಿತಿದ್ದಳು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಕೇಳುತ್ತಲೇ ಇತ್ತು.

"ಪೂನಮ್, ಸಾಕು ಬಾರವ್ವಾ. ಹೊತ್ತಾತದ."

ಉತ್ತರ ಬರಲಿಲ್ಲ. ಅಷ್ಟರಲ್ಲಿ ಚರಿಗೆ ಕಲ್ಲಿನ ಮೇಲೆ ಬಿದ್ದ ಸದ್ದಾಯಿತು. ಅದನ್ನು ಎತ್ತಿಕೊಂಡ ಸದ್ದು ಕೇಳಲಿಲ್ಲ.

ಮಾಣಿಕಮ್ಮ ಎದ್ದು ಬಾಗಿಲು ಬಡಿದಳು. "ಪೂನಮ್! ಮಾತಾಡವ್ವಾ!" ನಲ್ಲಿ ಮಾತ್ರ ಸುರಿಯುತ್ತಿತ್ತು. ಬಾಗಿಲಿಗೆ ಒಳಗಿಂದ ಚಿಲಕ.

"ಏನ್ರೀ! ಜಲ್ದಿ ಬರ್ರಿ!"

ಲಾಲಪ್ಪ ಮೊಣಕಾಲು ನೋವು ಮರೆತು ಓಡಿ ಬಂದ. ಭುಜ ಕೊಟ್ಟು ನೂಕಿದ, ಬಾಗಿಲು ಅಲುಗಲಿಲ್ಲ. ಅಂಗಳದ ಮೂಲೆಯಲ್ಲಿದ್ದ ಹಾರೆ ತಂದು ಸಂದಿಗೆ ಕೊಟ್ಟು ಮೀಟಿದ. ಚಿಲಕ ಕಿತ್ತು ಹಾರಿತು.

ಪೂನಮ್ ಗೋಡೆಗೆ ಒರಗಿ ಬಿದ್ದಿದ್ದಳು. ಕಣ್ಣು ಅರ್ಧ ತೆರೆದಿತ್ತು. ಮೇಲೆ ಗೀಸರಿನ ನೀಲಿ ಉರಿ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು. ಲಾಲಪ್ಪ ಹೊಸ್ತಿಲಲ್ಲೇ ಮುಖ ತಿರುಗಿಸಿ ನಿಂತ. ಮಾಣಿಕಮ್ಮ ಹಗ್ಗದ ಮೇಲಿದ್ದ ದುಪ್ಪಟಿ ಎಳೆದು ಸೊಸೆಯ ಮೈಗೆ ಸುತ್ತಿ, "ಈಗ ನಾಚಿಕಿ ಏನು ನೋಡ್ತೀರಿ, ಹಿಡೀರಿ!" ಎಂದು ಕಿರುಚಿದಳು. ಇಬ್ಬರೂ ಸೇರಿ ಅವಳನ್ನು ಅಂಗಳಕ್ಕೆ ಹೊತ್ತು ತಂದರು.

ವಂದನೆಗೆ ಹೂವು ತರಲು ಹೋಗಿದ್ದ ಸಂಘಪಾಲ ಅಷ್ಟರಲ್ಲಿ ಮನೆಗೆ ಬಂದ. ಕಿರುಚಾಟ ಕೇಳಿ ರಹೀಮಾ ಬರಿಗಾಲಲ್ಲೇ ಬಂದಳು. ಬಂದವಳು ಮೊದಲು ಹೊರಗಿನ ಸಿಲಿಂಡರ್ ಬಂದ್ ಮಾಡಿದಳು.

"ಬಚ್ಚಲದಾಗ ಯಾರೂ ಹೋಗಬ್ಯಾಡ್ರಿ! ಬಾಗಲಾ ಹಂಗೇ ತೆರದಿರ್ಲಿ. ಸಂಘಪಾಲಣ್ಣಾ, 108ಕ್ಕ ಫೋನ್ ಮಾಡು. ಗ್ಯಾಸ್ ಗೀಸರ್ ಅಂತ ಹೇಳು."

ಪೂನಮ್‌ಳ ಉಸಿರು ನೋಡಿದಳು. ಸಣ್ಣಗೆ ಬರುತ್ತಿತ್ತು. ಅವಳನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿದಳು. ಸುತ್ತ ಮಂದಿ ಸೇರಿದರು. ಒಬ್ಬರು ಉಳ್ಳಾಗಡ್ಡಿ ಮೂಸಿಸಿ ಎಂದರು, ಇನ್ನೊಬ್ಬರು ಬಾಯಿಗೆ ನೀರು ಬಿಡಲು ಬಂದರು.

"ಬಾಯಾಗ ಏನೂ ಹಾಕಬ್ಯಾಡ್ರಿ. ಹಿಂದ ಸರೀರಿ, ಗಾಳಿ ಬರ್ಲಿ. ಈಕಿಗಿ ಬೇಕಾದದ್ದು ಅದೊಂದೇ."

ಮಾಣಿಕಮ್ಮ ರಹೀಮಾಳ ಕೈ ಹಿಡಿದುಕೊಂಡಳು. "ಬೇಟಾ, ಹೊಟ್ಟ್ಯಾಗ ಕೂಸದ. ಇಬ್ಬರನ್ನೂ ಉಳಸು."

ರಹೀಮಾ ತಲೆಯೆತ್ತಿದಳು. "ಪರೀಕ್ಷಾ ಮಾಡ್ಸೀರೇನು ಕಾಕೀ?"

"ಇಲ್ಲ. ತಲಿ ತಿರುಗತಿತ್ತು, ವಾಂತಿ ಬಂದಂಗ ಆಗತಿತ್ತು..."

"ಯಾವಾಗಿನಿಂದ?"

"ಗೀಸರ್ ತಂದಾಗಿನಿಂದ," ಎಂದಳು ಮಾಣಿಕಮ್ಮ. ಆ ಮಾತು ತನ್ನ ಬಾಯಿಂದ ಬಂದದ್ದು ತನಗೇ ಕೇಳಿಸಿ ಅಲ್ಲಿಗೇ ನಿಂತುಬಿಟ್ಟಳು. ಲಾಲಪ್ಪ ತೆರೆದ ಬಾಗಿಲಿನಾಚೆಯ ಗೀಸರನ್ನು ನೋಡಿದ.

ಆಂಬ್ಯುಲೆನ್ಸ್ ಬಂತು. ಬಂದ ಕೂಡಲೇ ಮೂಗಿಗೆ ಆಕ್ಸಿಜನ್ ಹಚ್ಚಿದರು. ಕಲಬುರಗಿಯ ಆಸ್ಪತ್ರೆ ಮುಟ್ಟುವತನಕ ರಹೀಮಾ ಜೊತೆಗೇ ಕುಳಿತು ಪೂನಮ್‌ಳ ಹೆಸರು ಹಿಡಿದು ಕರೆಯುತ್ತಲೇ ಇದ್ದಳು. ಇಳಿದ ಕೂಡಲೇ ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದಳು. ಹಾಗೆ ಹೇಳಿದ್ದರಿಂದ ಯಾವ ಚಿಕಿತ್ಸೆ ಎಂದು ಹುಡುಕುತ್ತ ಹೊತ್ತು ಹೋಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪೂನಮ್ ಕಣ್ಣು ತೆರೆದಳು. ಸಂಘಪಾಲನ ಗುರುತು ಹಿಡಿದು, "ವಂದನಾ ಮುಗೀತೇನು?" ಎಂದು ಕೇಳಿದಳು. ಅವನು ನಗಲು ಹೋಗಿ ಅತ್ತುಬಿಟ್ಟ.

ಸಂಜೆ ಡಾಕ್ಟರ್ ಬಂದು ಹತ್ತಿರ ಕುಳಿತರು. ಅಪಾಯ ಕಳೆದಿದೆ ಎಂದರು. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಹೇಳಿದರು. ಪರೀಕ್ಷೆ ಮಾಡಿದ್ದೇವೆ, ಪೂನಮ್ ಬಸುರಿಯಲ್ಲ. ಇಷ್ಟು ದಿನದ ತಲೆನೋವು, ಓಕರಿಕೆ ಆ ಗ್ಯಾಸಿನದೇ.

ಪೂನಮ್ ಗೋಡೆಯ ಕಡೆ ಹೊರಳಿದಳು. ಭುಜ ಅಲುಗುತ್ತಿತ್ತು. ಮಾಣಿಕಮ್ಮ ಮಗನನ್ನು ಹೊರಗೆ ಕಳಿಸಿ ಮಂಚದ ಮೇಲೆ ಕುಳಿತಳು. ಸೊಸೆಯ ಕೂದಲಲ್ಲಿ ಇನ್ನೂ ಸೀಗೆಕಾಯಿ ಅಂಟಿಕೊಂಡಿತ್ತು. ಒಂದೊಂದೇ ಎಳೆ ಬಿಡಿಸತೊಡಗಿದಳು.

"ಅತ್ತೀ, ನಿಮಗ ಆಸೆ ಹಚ್ಚಿಬಿಟ್ಟೆ," ಎಂದಳು ಪೂನಮ್.

"ನೀ ಎಲ್ಲಿ ಹಚ್ಚಿದಿ? ನಾನೇ ಹಚ್ಕೊಂಡೆ. ಕಿಂಡಿಗಿ ಚೀಲಾ ತುರುಕಿದಾಕಿನೂ ನಾನೇ."

"ಕೂಸು..."

"ಬರೋವಾಗ ಬರ್ತದ. ಬರ್ದಿದ್ರ ಇಲ್ಲ. ನಾ ಬರೇ ಕೂಸಿನ ಸಲವಾಗಿ ನಿನಗ ತುಪ್ಪ ಹಾಕ್ತೀನಂತ ತಿಳಕೊಂಡೀಯೇನು? ಇವತ್ತು ಆ ಬಾಗಲಾ ತೆರೀಲಿಲ್ಲಂದ್ರ ನಾ ಯಾರಿಗಿ ಬೈಯಬೇಕಿತ್ತು, ಯಾರ ಜೋಡಿ ಉಣಬೇಕಿತ್ತು?"

ಪೂನಮ್ ಅತ್ತೆಯ ಮಡಿಲಿಗೆ ಮುಖ ಹಚ್ಚಿದಳು.

ಲಾಲಪ್ಪ ಮಾತ್ರ ಒಳಗೆ ಬಂದಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಫೋನ್ ಮಾಡುತ್ತಿದ್ದ. ಅವನು ಚಹಾದಂಗಡಿಯಲ್ಲಿ ಹೊಗಳಿದ್ದು ಕೇಳಿ ಹಳೆಯ ಗೆಳೆಯ ರಮೇಶಕುಮಾರನೂ ಅಂಥದ್ದೇ ಗೀಸರ್ ತಂದಿದ್ದ.

"ರಮೇಶಾ, ನಾ ಹೇಳೋತನಕ ಅದನ್ನ ಹಚ್ಚಬ್ಯಾಡ. ಹೌದು, ನಾನೇ ಚಲೋ ಅಂದಿದ್ದೆ. ತಪ್ಪು ಹೇಳಿದ್ದೆ. ನನ್ನ ಸೊಸಿ ದವಾಖಾನ್ಯಾಗ ಇದ್ದಾಳ. ಮೊದ್ಲು ಅದರ ಸಿಲಿಂಡರ್ ಬಂದ್ ಮಾಡು, ಆಮ್ಯಾಲ ನನಗ ಎಷ್ಟು ಬೈತಿ ಬೈ."

ಫೋನ್ ಇಟ್ಟು ಒಳಗೆ ಬಂದ. ಸೊಸೆಯ ಕಾಲ ಬಳಿ ನಿಂತ.

"ನಿನಗ ಥಂಡಿ ಆಗಬಾರ್ದಂತ ತಂದಿದ್ದೆನವ್ವಾ."

"ನನಗ ಗೊತ್ತದ್ರಿ ಮಾವಾ. ಇಲ್ಲಿ ಕುಂದ್ರಿ," ಎಂದು ಪೂನಮ್ ಕಾಲು ಸರಿಸಿ ಜಾಗ ಮಾಡಿಕೊಟ್ಟಳು.

ಮನೆಗೆ ಬಂದ ಮೇಲೆ ಲಾಲಪ್ಪ ಮಾಡಿದ ಮೊದಲ ಕೆಲಸ ಗ್ಯಾಸ್ ಗೀಸರ್ ಕಿತ್ತದ್ದು. ಎರಡನೆಯದು, ಅಂದೇ ಹೊಸ ಕರೆಂಟ್ ಗೀಸರ್ ತರಲು ಹೊರಟದ್ದು. ರಹೀಮಾ ತಡೆದಳು.

"ಗಡಿಬಿಡಿ ಬ್ಯಾಡ್ರಿ ಕಾಕಾ. ಮೊದ್ಲು ಅರ್ಥಿಂಗ್ ಮಾಡಸ್ರಿ. ಅದಿಲ್ಲದೇ ಎಷ್ಟು ಭಾರಿ ಗೀಸರ್ ತಂದ್ರೂ ಉಪಯೋಗಿಲ್ಲ."

"ಅಲ್ಲಿತನಕ ಬಕೆಟ್ಟಿನಾಗ ಇಡೋ ರಾಡ್ ತರ್ಲೇನು?"

"ಅರ್ಥಿಂಗ್ ಇಲ್ಲದ ಮನ್ಯಾಗ ರಾಡಾ? ನೀರಿನಾಗ ಕೈ ಇಟ್ರ ಮುಗೀತು."

ಲಾಲಪ್ಪ ವಾದ ಮಾಡಲಿಲ್ಲ. ಅಂಗಳದಲ್ಲಿ ಕಲ್ಲು ಹೂಡಿ, ಅಟ್ಟದ ಮೇಲಿದ್ದ ಹಳೆಯ ಹಂಡೆ ಇಳಿಸಿ, ಸೌದೆ ಒಲೆ ಹಚ್ಚಿದ. ನಸುಕಿನಲ್ಲಿ ಎದ್ದು ನೀರು ಕಾಯಿಸಿ, ತಾನೇ ಬಕೆಟ್ ಹೊತ್ತು ಬಚ್ಚಲಲ್ಲಿ ಇಡುತ್ತಿದ್ದ. ಪೂನಮ್ ಬೇಡವೆಂದರೂ ಕೇಳಲಿಲ್ಲ. ಸಂಘಪಾಲ ರಾತ್ರಿ ಪಾಳಿಯಿಂದ ಬಂದು ಒಲೆ ಊದುತ್ತಿದ್ದ. ಆ ತಿಂಗಳು ಅರ್ಥಿಂಗ್ ಮತ್ತು ದಪ್ಪ ವೈರಿನ ಕೆಲಸ ಮುಗಿಯಿತು. ಬೆಳಕಿಂಡಿಯನ್ನು ಒಡೆದು ದೊಡ್ಡದು ಮಾಡಿಸಿ ಜಾಲರಿ ಹಾಕಿಸಿದರು. ಮುಂದಿನ ತಿಂಗಳು ಗೀಸರ್ ತರಲು ಲಾಲಪ್ಪ ಅಜಯಕುಮಾರನನ್ನೂ ಕರೆದುಕೊಂಡು ಅಂಗಡಿಗೆ ಹೋದ.

ಅಂಗಡಿಯವನು ದೊಡ್ಡದೊಂದು ತೋರಿಸಿದ. "ಇದು ತಗೊಳ್ರಿ ಯಜಮಾನ್ರೇ, ಎಂಟು ಮಂದಿಗಿ ಸಾಕಾತದ."

"ನಾವು ಇರೋರೇ ನಾಲ್ಕು ಮಂದಿ. ಸಣ್ಣದು ತೋರಸ್ರಿ. ನಮ್ಮ ಸುಣ್ಣದ ನೀರಿಗಿ ಟಾಕಿ ತಾಳ್ತದೇನು? ಟಾಕಿಗಿ ಗ್ಯಾರಂಟಿ ಎಷ್ಟು ವರ್ಷ? ಕರೆಂಟ್ ಉಳಸೋ ಸ್ಟಾರ್ ಎಷ್ಟವ? ಹಾಕಿ ಕೊಡಾಕ ಬ್ಯಾರೆ ರೊಕ್ಕಾ ಹಿಡೀತೀರೇನು? ವಾಲ್ವ್, ಪೈಪ್ ಇದರಾಗೇ ಬಂತೋ, ಬ್ಯಾರೇನೋ? ಎಲ್ಲಾ ಕೂಡಿಸಿ ಒಂದೇ ಮಾತು ಹೇಳ್ರಿ."

ಅಂಗಡಿಯವನು ಅಜಯಕುಮಾರನ ಮುಖ ನೋಡಿದ. ಅಜಯಕುಮಾರ ನಗುತ್ತ ಬೇರೆ ಕಡೆ ನೋಡಿದ. ಲಾಲಪ್ಪ ಚೌಕಾಶಿ ಬಿಡಲಿಲ್ಲ, ಅದು ಅವನಿಗೆ ಸಾಧ್ಯವೂ ಇರಲಿಲ್ಲ. ಆದರೆ ಈ ಸಲ ಗೀಸರಿನ ಬೆಲೆಗಷ್ಟೇ ಚೌಕಾಶಿ ಮಾಡಿದ. ಒತ್ತಡ ಹೆಚ್ಚಾದರೆ ನೀರು ಹೊರಬಿಡುವ ವಾಲ್ವ್ ಬೇಡವೆಂದರೆ ಇಷ್ಟು ಕಡಿಮೆ ಮಾಡುತ್ತೇನೆ ಎಂದು ಅಂಗಡಿಯವನು ಹೇಳಿದಾಗ, "ಅದನ್ನ ಬಿಟ್ಟು ಬ್ಯಾರೆ ಏನಾದ್ರೂ ಕಮ್ಮಿ ಮಾಡ್ರಿ," ಎಂದ.

ಖರ್ಚು ಕೊನೆಗೆ ಅಜಯಕುಮಾರ ಮೊದಲೇ ಹೇಳಿದಷ್ಟೇ ಆಯಿತು. ಗ್ಯಾಸ್ ಗೀಸರಿಗೆ ಕೊಟ್ಟದ್ದು ಮೇಲಿನ ನಷ್ಟ.

"ಕಾಕಾ, ಇದರ ಬಿಸಿ ಹೆಚ್ಚು ಕಮ್ಮಿ ಮಾಡೋ ಮುಳ್ಳು ನಡುವಿಗೇ ಇಡ್ರಿ," ಎಂದ ಅಜಯಕುಮಾರ ಗೀಸರ್ ಹಾಕುವಾಗ. "ನೀರು ಕುದಿಯೋಹಂಗ ಕಾಸಿದ್ರ ಸುಣ್ಣಾ ಹೆಚ್ಚು ಕಟ್ತದ, ಕರೆಂಟ್ ಬಿಲ್ಲೂ ಏರ್ತದ. ವರ್ಷಕ್ಕೊಮ್ಮಿ ನನ್ನ ಕರೀರಿ, ಬಿಚ್ಚಿ ತೊಳದು ಕೊಡ್ತೀನಿ. ಹಳೇದನ್ನ ಹಂಗ ತೊಳಸಿದ್ರ ಇನ್ನಾ ಕೆಲವು ವರ್ಷ ಬರ್ತಿತ್ತು."

ಹೊಸ ಗೀಸರಿನ ನೀರಲ್ಲಿ ಮೊದಲು ಸ್ನಾನಕ್ಕೆ ಹೋದವಳು ಪೂನಮ್. ಹೊರಗೆ ಬಿಸಿಲು ಏರಿತ್ತು. ಅಂದು ರಜೆ. ಸ್ವಿಚ್ ಆರಿಸಿ ಒಳಗೆ ಹೋಗಿ ಎರಡು ಚರಿಗೆ ನೀರು ಹಾಕಿಕೊಂಡಿರಬಹುದು, ಬಾಗಿಲ ಆಚೆ ಮೊರದಲ್ಲಿ ಜೋಳ ಕೇರುವ ಸದ್ದು ಕೇಳಿತು.

"ಅತ್ತೀ, ಅಲ್ಲಿ ಯಾಕ ಕುಂತೀರಿ?"

"ಬಿಸಲ ಕಾಸ್ಲಿಕತ್ತೀನಿ."

"ಬಚ್ಚಲ ಬಾಗಲದಾಗ ಬಿಸಲ ಎಲ್ಲದ್ರಿ?"

"ನನ್ನ ಮನೀ, ನನ್ನ ಬಾಗಲಾ. ಎಲ್ಲಿ ಬೇಕಾದಲ್ಲಿ ಕುಂದರ್ತೀನಿ. ನೀ ಸುಮ್ನ ಸ್ನಾನಾ ಮಾಡು. ಹಂಗೇ ಏನಾರ ಮಾತಾಡ್ತಿರು."

"ಏನು ಮಾತಾಡ್ಲಿ?"

"ಏನಾರ ಮಾತಾಡು. ನಿಮ್ಮ ಕೋರ್ಟಿಂದು ಹೇಳು."

ಪೂನಮ್ ನಕ್ಕಳು. ನೀರು ಹಾಕಿಕೊಳ್ಳುತ್ತ, ಹಿಂದಿನ ದಿನ ಕೋರ್ಟಿಗೆ ಬಂದಿದ್ದ ಎಮ್ಮೆಯ ಜಗಳದ ಕಥೆಯನ್ನು ಮೊದಲಿನಿಂದ ಹೇಳತೊಡಗಿದಳು. ಮಾಣಿಕಮ್ಮ ಜೋಳ ಕೇರುತ್ತ ಹೂಂಗುಟ್ಟುತ್ತಿದ್ದಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇದನ್ನು ಓದಿದ ಮೇಲೆ ಎದ್ದು ನಿಮ್ಮ ಬಚ್ಚಲಿಗೆ ಹೋಗಿ ನೋಡಿ. ಗ್ಯಾಸ್ ಗೀಸರ್ ಒಳಗಿದ್ದರೆ ಇವತ್ತೇ ಬಂದ್ ಮಾಡಿ. ತಿಳಿದವರಿಂದ ಗಾಳಿಯಾಡುವ ಹೊರಗಿನ ಜಾಗಕ್ಕೆ ತೆಗೆಸಿದ ಮೇಲೆಯೇ ಮತ್ತೆ ಹಚ್ಚಿ. ಬೆಳಕಿಂಡಿಯನ್ನು ಯಾವ ಚಳಿಗೂ ಮುಚ್ಚಬೇಡಿ. ಸ್ನಾನ ಮಾಡಿ ಬಂದವರಿಗೆ ತಲೆನೋವು, ತಲೆಸುತ್ತು, ಓಕರಿಕೆ ಬಂದರೆ ಮೊದಲು ಗೀಸರಿನ ಮೇಲೆ ಅನುಮಾನ ಪಡಿ. ಯಾರಾದರೂ ಎಚ್ಚರ ತಪ್ಪಿದರೆ ಹೊರಗೆ ಗಾಳಿಗೆ ತನ್ನಿ, ಗ್ಯಾಸ್ ಬಂದ್ ಮಾಡಿ, 108ಕ್ಕೆ ಕರೆ ಮಾಡಿ, ಡಾಕ್ಟರಿಗೆ ಗೀಸರಿನ ವಿಷಯ ಮರೆಯದೆ ಹೇಳಿ.

ಹಳೆಯ ಗೀಸರ್ ಕೆಟ್ಟರೆ ಗಾಬರಿಯಾಗಬೇಡಿ. ಕಾಯಿಲ್ ಹೋಗಿದೆಯೋ, ಟಾಕಿಯೇ ಹೋಗಿದೆಯೋ ಕೇಳಿ. ಹೊಸದು ಬೇಕೇ ಬೇಕೆಂದರೆ ವೈರು, ಅರ್ಥಿಂಗ್, ವಾಲ್ವ್ ಎಲ್ಲ ಸೇರಿಸಿ ಬೆಲೆ ಕೇಳಿ. ಒಂದೇ ಸಲ ಆಗದಿದ್ದರೆ ಎರಡು ತಿಂಗಳಲ್ಲಿ ಮಾಡಿ. ಅಲ್ಲಿಯವರೆಗೆ ಅಂಗಳದಲ್ಲಿ ಹಂಡೆ ಇಡಿ, ಮನೆಯವರು ಸರದಿಯ ಮೇಲೆ ಒಲೆ ಹಚ್ಚಿ.

ಮನೆಯವರ ಮೇಲಿನ ಪ್ರೀತಿಗೆ ನಾವು ಬಿಸಿನೀರು ಕಾಯಿಸುತ್ತೇವೆ. ಅವರು ಸ್ನಾನ ಮುಗಿಸಿ ನಗುತ್ತ ಹೊರಗೆ ಬರುವಂತೆಯೂ ನೋಡಿಕೊಳ್ಳೋಣ.